ನಿಮಗಿದು ಗೊತ್ತೇ? – ಗಾಂಜಾ ಗುಮಾನಿಯಲ್ಲಿ ಪೊಲೀಸರು ತಡೆದರೆ

ಸಂಜೆ ಹೊತ್ತಲ್ಲಿ ಊರಾಚೆ ಮೋರಿ ಕಟ್ಟೆ ಹತ್ತಿರ ಬೈಕ್ ನಿಲ್ಲಿಸಿಕೊಂಡಿದ್ದ ಹುಡುಗರನ್ನು ಪೊಲೀಸರು ತಡೆದು ಜೇಬು ನೋಡಿದರು ಎಂದರೆ ಮುಗಿಯಿತು. ಬೆಳಗಾಗುವುದರೊಳಗೆ ಹೊನ್ನೂರಿನ ಟೀ ಅಂಗಡಿಯಿಂದ ಯಳಂದೂರು ಬಸ್ ನಿಲ್ದಾಣದವರೆಗೆ ಒಂದೇ ಸುದ್ದಿ: "ಸೊಪ್ಪು ತಗಳಕ್ಕೆ ಓಗಿದ್ನಂತೆ, ಇನ್ ಹತ್ತೊರ್ಸ ಆಚೆಗೆ ಬರಕಿಲ್ವಂತೆ." ಈ ಹತ್ತು ವರ್ಷ ಯಾರಿಗೆ, ಎಷ್ಟು ತೂಕಕ್ಕೆ ಎಂದು ಕೇಳುವವರಿಲ್ಲ. ಕಾನೂನು ಪುಸ್ತಕ ತೆರೆದು ನೋಡಿದರೆ ಲೆಕ್ಕ ಬೇರೆಯೇ ಇದೆ. ಜನ ನಡುಗುವ ಕಡೆ ಅದು ಅಷ್ಟು ಭಾರವಿಲ್ಲ. ಜನ ಸಲೀಸಾಗಿ ತೆಗೆದುಕೊಂಡ ಕಡೆಯೇ ಭಾರ.

◆ ಎಲ್ಲರ ಬಾಯಲ್ಲಿರುವ 'ಎನ್‌ಡಿಪಿಎಸ್' ಕಾಯ್ದೆ 1985ರದು. ಆ ವರ್ಷದ ನವೆಂಬರ್ 14ರಂದು ಜಾರಿಗೆ ಬಂತು. ಕೇಂದ್ರದ ಕಾನೂನು, ಹಾಗಾಗಿ ಪಾಲಾರ್ ಚೆಕ್‌ಪೋಸ್ಟಿನ ಈಚೆಗೂ ಆಚೆಗೂ ಒಂದೇ. ತಮಿಳುನಾಡಿನ ಕಡೆ ಕಾನೂನು ಸಡಿಲ, ನಮ್ಮ ಕಡೆ ಬಿಗಿ ಎಂಬ ಹನೂರು ಗಡಿಯ ಮಾತಿಗೆ ಆಧಾರವಿಲ್ಲ. ಅಲ್ಪ, ಮಧ್ಯಮ, ವಾಣಿಜ್ಯ ಎಂದು ಮೂರು ಮೆಟ್ಟಿಲಿನ ಈಗಿನ ಶಿಕ್ಷೆ ಬಂದದ್ದು 2001ರ ತಿದ್ದುಪಡಿಯಲ್ಲಿ.

◆ ಗಾಂಜಾ 1 ಕೆ.ಜಿ.ಗಿಂತ ಕಡಿಮೆಯಿದ್ದರೆ 'ಅಲ್ಪ ಪ್ರಮಾಣ'. ಗರಿಷ್ಠ ಶಿಕ್ಷೆ 1 ವರ್ಷದ ಕಠಿಣ ಸಜೆ ಅಥವಾ 10 ಸಾವಿರ ರೂಪಾಯಿ ದಂಡ, ಅಥವಾ ಎರಡೂ. 20 ಕೆ.ಜಿ. ಮೀರಿದರೆ 'ವಾಣಿಜ್ಯ ಪ್ರಮಾಣ': ಕನಿಷ್ಠ 10, ಗರಿಷ್ಠ 20 ವರ್ಷ, ದಂಡ 1ರಿಂದ 2 ಲಕ್ಷ. ನಡುವಿನದಕ್ಕೆ 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಜೇಬಿನಲ್ಲಿ ಸಿಕ್ಕ ಕಾಗದದ ಪೊಟ್ಟಣಕ್ಕೂ ಊರವರು ಹೇಳುವ ಹತ್ತು ವರ್ಷಕ್ಕೂ ಸಂಬಂಧವಿಲ್ಲ.

◆ ಆದರೆ ಒಂದು ಕೆ.ಜಿ.ಯ ಈ ಧಾರಾಳ ಗಾಂಜಾಕ್ಕೆ ಮಾತ್ರ. ಚರಸ್ ಆದರೆ ಅಲ್ಪ ಪ್ರಮಾಣದ ಮಿತಿ 100 ಗ್ರಾಂ. ಎಂಡಿಎಂಎ ಅರ್ಧ ಗ್ರಾಂ, ಹೆರಾಯಿನ್ 5 ಗ್ರಾಂ, ಕೊಕೇನ್ 2 ಗ್ರಾಂ. ಎಲ್‌ಎಸ್‌ಡಿ ಬರೀ 2 ಮಿಲಿಗ್ರಾಂ. ಬೆಂಗಳೂರಿಗೆ ಓದಲು ಹೋದ ಹುಡುಗ ಗೆಳೆಯ ಕೊಟ್ಟನೆಂದು ಅಂಚೆಚೀಟಿಯಷ್ಟಗಲದ ಕಾಗದದ ಚೂರನ್ನು ಪರ್ಸಿನಲ್ಲಿಟ್ಟುಕೊಂಡು ಊರಿಗೆ ಬಂದರೆ, ಅಪ್ಪನ ಕಣ್ಣಿಗೆ ಅದು ಏನೂ ಅಲ್ಲ. ಕಾನೂನು ಅದನ್ನು ಹಾಗೆ ನೋಡುವುದಿಲ್ಲ. ಅದರ ಮೇಲೆ, ಮಾದಕ ವಸ್ತುವಿಗೆ ಬೇರೇನಾದರೂ ಬೆರೆಸಿದ್ದರೆ ಬೆರಕೆಯ ತೂಕವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕೆಂದು 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

◆ 'ನಾನು ಮಾರಲಿಲ್ಲ, ಕೊಂಡೆ ಅಷ್ಟೆ' ಎಂಬುದು ಸಮರ್ಥನೆಯಲ್ಲ. 20ನೇ ಸೆಕ್ಷನ್ನಿನಲ್ಲಿ ಇಟ್ಟುಕೊಳ್ಳುವುದು, ಮಾರುವುದು, ಸಾಗಿಸುವುದರ ಜತೆಗೆ ಕೊಳ್ಳುವುದೂ ಸೇರಿದೆ. ಕೊಳ್ಳಲು ಪ್ರಯತ್ನಿಸಿ ಸಿಕ್ಕಿಬಿದ್ದರೆ 28ನೇ ಸೆಕ್ಷನ್ ಪ್ರಕಾರ ಅದಕ್ಕೂ ಅದೇ ಶಿಕ್ಷೆ. ಆದರೆ ಪ್ರಯತ್ನ ಬೇರೆ, ಬರೀ ತಯಾರಿ ಬೇರೆ. ತಯಾರಿಯನ್ನೇ ಅಪರಾಧ ಮಾಡುವ 30ನೇ ಸೆಕ್ಷನ್ ಅನ್ವಯಿಸುವುದು ವಾಣಿಜ್ಯ ಪ್ರಮಾಣದಂಥ ದೊಡ್ಡ ಪ್ರಕರಣಗಳಿಗೆ. ಕೈಯಲ್ಲಿ ಏನೂ ಸಿಗದೆ, ಹಣವೂ ಕೈ ಬದಲಾಗದೆ, ಮೋರಿ ಹತ್ತಿರ ನಿಂತಿದ್ದನೆಂಬುದೊಂದರ ಮೇಲೆ ಕೇಸು ನಿಲ್ಲಿಸುವುದು ಪೊಲೀಸರಿಗೂ ಕಷ್ಟವೇ.

◆ ಸೇದಿದ್ದಕ್ಕೆ ಬೇರೆ ಸೆಕ್ಷನ್, 27. ಗಾಂಜಾ ಸೇವನೆಗೆ 6 ತಿಂಗಳವರೆಗೆ ಸಜೆ ಅಥವಾ 10 ಸಾವಿರದವರೆಗೆ ದಂಡ, ಅಥವಾ ಎರಡೂ. ಕೊಕೇನ್, ಹೆರಾಯಿನ್ ಆದರೆ 1 ವರ್ಷ, 20 ಸಾವಿರ.

◆ ಇನ್ನು ನಮ್ಮ ಸೀಮೆಗೆ ನೇರವಾಗಿ ತಟ್ಟುವ ಮಾತು. ಪೊಟ್ಟಣಕ್ಕೆ ಅಲ್ಪ, ಮಧ್ಯಮ ಎಂಬ ಮೆಟ್ಟಿಲುಗಳಿವೆ, ಗಿಡಕ್ಕೆ ಇಲ್ಲ. ಗಾಂಜಾ ಗಿಡ ಬೆಳೆದರೆ, ಅದು ಎರಡೇ ಇರಲಿ ಇನ್ನೂರಿರಲಿ, 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. 900 ಗ್ರಾಂ ಗಾಂಜಾ ಇಟ್ಟುಕೊಂಡವನಿಗೆ ಹೆಚ್ಚೆಂದರೆ ಒಂದು ವರ್ಷ; ಹಿತ್ತಲ ಬಾಳೆ ಬುಡದಲ್ಲಿ ಎರಡು ಗಿಡ ಬೆಳೆಸಿದ ಮುದುಕನಿಗೆ ಹತ್ತರವರೆಗೆ. ಹನೂರು ತಾಲ್ಲೂಕಿನ ಕಾಡಂಚಿನ ಹೊಲಗಳಲ್ಲಿ ಮುಸುಕಿನ ಜೋಳದ ಸಾಲಿನ ನಡುವೆ ಗಾಂಜಾ ಗಿಡ ಕಿತ್ತ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಹಾಗೆ ಸಿಕ್ಕವರಲ್ಲಿ 'ಮನೆ ಉಪಯೋಗಕ್ಕೆ ನಾಕು ಗಿಡ, ಅದಕ್ಕೇನು' ಎಂದುಕೊಂಡವರೂ ಇದ್ದಾರು. ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ನ್ಯಾಯಾಧೀಶರು ಗಿಡದ ಸಂಖ್ಯೆ ನೋಡಬಹುದು. ಆದರೆ ಕೇಸು ಶುರುವಾಗುವುದೇ ಹತ್ತು ವರ್ಷದ ಸೆಕ್ಷನ್ನಿನಲ್ಲಿ. ಈ ವಿಚಿತ್ರವನ್ನು ಸರಿಪಡಿಸಬೇಕೆಂದು ಶಾಸನ ಬರೆಯುವವರಿಗೆ ಯಾಕೆ ಅನ್ನಿಸಲಿಲ್ಲವೋ.

◆ ಜಮೀನನ್ನು ಗುತ್ತಿಗೆಗೋ ವಾರಕ್ಕೋ ಕೊಟ್ಟು ಕೊಳ್ಳೇಗಾಲದಲ್ಲಿ ಮನೆ ಮಾಡಿಕೊಂಡವರು ಕೇಳಿ: ನಿಮ್ಮ ಹೊಲದಲ್ಲಿ ಗಾಂಜಾ ಬೆಳೆದಿದ್ದಾರೆಂದು ತಿಳಿದೂ ಪೊಲೀಸರಿಗೆ ಹೇಳದೆ ಸುಮ್ಮನಿದ್ದರೆ 46ನೇ ಸೆಕ್ಷನ್ ಪ್ರಕಾರ ಅದೇ ಅಪರಾಧ. ಮುಂದಿನ 47ನೇ ಸೆಕ್ಷನ್ ಪಂಚಾಯಿತಿಯವರಿಗೂ ಗ್ರಾಮದ ಅಧಿಕಾರಿಗಳಿಗೂ ಇದೇ ಹೊಣೆ ಹೊರಿಸುತ್ತದೆ.

◆ ಇಡೀ ಗಿಡವೇ 'ಗಾಂಜಾ' ಅಲ್ಲ. ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದೆ ಬರೀ ಎಲೆ, ಬರೀ ಬೀಜ ಅದರೊಳಗೆ ಬರುವುದಿಲ್ಲ. ಬೇರು, ಕಾಂಡ, ಎಲೆ ಎಲ್ಲ ಸೇರಿಸಿ ತೂಗಿ ಇಷ್ಟು ಕೆ.ಜಿ. ಎಂದು ಬರೆದಿದ್ದರೆ ವಕೀಲರು ಮೊದಲು ಬೆರಳಿಡುವುದು ಅಲ್ಲಿಗೇ. 2022ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ, ಭಂಗಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ನಮ್ಮ ಹೈಕೋರ್ಟ್ ಆರೋಪಿಗೆ ಜಾಮೀನು ಕೊಟ್ಟಿತು. ಹಾಗಂತ ಭಂಗಿ ಉಂಡೆ ಕಟ್ಟಿಕೊಂಡು ಜಾತ್ರೆಗೆ ಹೊರಡಬೇಡಿ. ಅದು ಜಾಮೀನಿನ ಆದೇಶ. ನಿಮ್ಮ ಉಂಡೆಯಲ್ಲಿ ಏನಿದೆಯೆಂದು ಹೇಳುವುದು ಪ್ರಯೋಗಾಲಯ.

◆ ಮಾದಕ ವಸ್ತುವಿಗಾಗಿ ಶೋಧಿಸುವ ಅಧಿಕಾರವನ್ನು ಕಾಯ್ದೆ ಕೊಟ್ಟಿರುವುದು ಕಾನ್‌ಸ್ಟೇಬಲ್ ದರ್ಜೆಗಿಂತ ಮೇಲಿನವರಿಗೆ. ರಸ್ತೆ, ಬಸ್ಸು, ಹೋಟೆಲಿನಂಥ ಸಾರ್ವಜನಿಕ ಜಾಗದಲ್ಲಿ ವಾರಂಟ್ ಬೇಕಿಲ್ಲ. ಮನೆಯೊಳಗೆ, ಅದೂ ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ನುಗ್ಗಬೇಕೆಂದರೆ ಕಾರಣ ಬರೆದಿಡಬೇಕು. ಅದರ ಪ್ರತಿ 72 ಗಂಟೆಯೊಳಗೆ ಮೇಲಧಿಕಾರಿಗೆ ಹೋಗಬೇಕು.

◆ ಈ ಕಾಯ್ದೆಯಲ್ಲಿ ಆರೋಪಿಯ ಪಾಲಿಗೆ ಗಟ್ಟಿಯಾದದ್ದು 50ನೇ ಸೆಕ್ಷನ್. ನಿಮ್ಮ ಮೈ ಶೋಧಿಸುವ ಮೊದಲು, 'ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರಿಗೆ ಶೋಧ ಮಾಡಿಸಿಕೊಳ್ಳುವ ಹಕ್ಕು ನಿಮಗಿದೆ' ಎಂದು ಪೊಲೀಸರೇ ಹೇಳಬೇಕು. ನಮ್ಮ ತಾಲ್ಲೂಕುಗಳಲ್ಲಿ ಗೆಜೆಟೆಡ್ ಅಧಿಕಾರಿ ಎಂದರೆ ಸಾಮಾನ್ಯವಾಗಿ ತಹಶೀಲ್ದಾರರು ಅಥವಾ ಸರ್ಕಾರಿ ಆಸ್ಪತ್ರೆ ಡಾಕ್ಟರು. ಹೀಗೆ ಹೇಳುವುದು ಕಡ್ಡಾಯವೆಂದು 1999ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಮಾನಿಸಿತು. ಆಮೇಲೆ ಕೆಲವು ತೀರ್ಪುಗಳಲ್ಲಿ 'ಹೆಚ್ಚು ಕಡಿಮೆ ಪಾಲಿಸಿದ್ದರೂ ಸಾಕು' ಎಂಬ ಸಡಿಲ ಕಾಣಿಸಿಕೊಂಡಿತು. 2010ರಲ್ಲಿ ಇನ್ನೊಂದು ಸಂವಿಧಾನ ಪೀಠ ಅದನ್ನು ತಳ್ಳಿಹಾಕಿ, ಕಟ್ಟುನಿಟ್ಟಾಗಿಯೇ ಪಾಲಿಸಬೇಕು ಎಂದಿತು. 2014ರಲ್ಲಿ ಮತ್ತೆರಡು ವಿಷಯ ಸ್ಪಷ್ಟವಾದವು. ಇಬ್ಬರನ್ನು ನಿಲ್ಲಿಸಿ ಇಬ್ಬರಿಗೂ ಸೇರಿಸಿ ಒಂದೇ ನೋಟಿಸು ಕೊಟ್ಟರೆ ಆಗದು, ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಬೇಕು. ಎರಡನೆಯದಾಗಿ, 'ಅವರು ಬೇಡವಾದರೆ ನಾನೇ ಇದ್ದೀನಲ್ಲ, ನನ್ನೆದುರಿಗೇ ಆಗಲಿ' ಎಂದು ದಾಳಿಗೆ ಬಂದ ಅಧಿಕಾರಿಯೇ ಮೂರನೆಯ ಆಯ್ಕೆ ಮುಂದಿಡುವಂತಿಲ್ಲ.

◆ ಆದರೆ ಅದು ಮೈ ಶೋಧಕ್ಕೆ ಮಾತ್ರ. ಕೈಚೀಲ, ಬೈಕಿನ ಸೀಟಿನಡಿ, ಊಟದ ಡಬ್ಬಿ, ಇವೆಲ್ಲ 'ಮೈ' ಅಲ್ಲವೆಂದು 2005ರಲ್ಲೇ ತೀರ್ಪಾಗಿದೆ. ಚೀಲದಲ್ಲಿ ಸಿಕ್ಕಿದ್ದಕ್ಕೆ 50ನೇ ಸೆಕ್ಷನ್ ಆಸರೆ ಸಿಗದು. ಬೇರಾವುದೋ ಕಾರಣಕ್ಕೆ ತಪಾಸಣೆ ಮಾಡುವಾಗ ಆಕಸ್ಮಿಕವಾಗಿ ಸಿಕ್ಕಿದರೂ ಅಷ್ಟೆ.

◆ ಹೆಂಗಸರ ಮೈ ಶೋಧವನ್ನು ಹೆಂಗಸರೇ ಮಾಡಬೇಕು. ಇದಕ್ಕೆ ವಿನಾಯಿತಿಯೇ ಇಲ್ಲ.

◆ ಪಂಚನಾಮೆ ಹೇಗಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರು ಕಡಿಮೆ. ಇಬ್ಬರು ಪಂಚರು ಬೇಕು. ಪೊಲೀಸರು ದಾರಿಯಲ್ಲಿ ಸಿಕ್ಕವರನ್ನೋ ಹತ್ತಿರದ ಅಂಗಡಿಯವರನ್ನೋ ಕರೆಯುತ್ತಾರೆ, ಅವರು ಒಂದಲ್ಲ ಒಂದು ನೆಪ ಹೇಳಿ ಜಾರಿಕೊಳ್ಳಲು ನೋಡುತ್ತಾರೆ. ತೂಕದ ಯಂತ್ರವೂ ಎಷ್ಟೋ ಸಲ ಕಿರಾಣಿ ಅಂಗಡಿಯದೇ. ಮೊದಲು ಕವರ್ ಸಮೇತ ತೂಗಿ ಬರೆಯುತ್ತಾರೆ, ಆಮೇಲೆ ಕವರ್ ಬಿಟ್ಟು. ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಬಿಗಿದು, ಕರಗಿಸಿದ ಅರಗನ್ನು ಗಂಟಿನ ಮೇಲೆ ಬಿಟ್ಟು, ಬಿಸಿ ಇರುವಾಗಲೇ ಮೊಹರು ಒತ್ತುತ್ತಾರೆ. ಅದೇ ಮೊಹರಿನ ಮಾದರಿ ಪಂಚನಾಮೆಯ ಹಾಳೆ ಮೇಲೂ ಬೀಳುತ್ತದೆ. ಪಂಚರ ಸಹಿ ಇರುವ ಚೀಟಿ ಅಂಟಿಸುತ್ತಾರೆ. ವರ್ಷಗಳಾದ ಮೇಲೆ ಕೋರ್ಟಿನಲ್ಲಿ ಗಂಟು ಬಿಚ್ಚುವಾಗ ಮೊಹರು ಒಡೆದಿದೆಯೇ, ತೂಕ ತಾಳೆಯಾಗುತ್ತದೆಯೇ, ಚೀಟಿ ಮೇಲಿನ ಸಹಿ ತನ್ನದೇ ಎಂದು ಪಂಚ ಹೇಳುತ್ತಾನೆಯೇ ಎಂಬುದರ ಮೇಲೆ ಕೇಸಿನ ಹಣೆಬರಹ. ವಶಪಡಿಸಿಕೊಂಡ ಮಾಲಿನ ಪಟ್ಟಿ ಮಾಡಿ, ಮ್ಯಾಜಿಸ್ಟ್ರೇಟ್ ಎದುರಿನಲ್ಲೇ ಮಾದರಿ ತೆಗೆಯಬೇಕೆಂಬುದು 52ಎ ಸೆಕ್ಷನ್. ಅದು ತಪ್ಪಿದ ಮಾತ್ರಕ್ಕೇ ಕೇಸು ತಾನಾಗಿ ಬಿದ್ದುಹೋಗದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಅದು ಪ್ರಾಸಿಕ್ಯೂಷನ್‌ಗೆ ತಲೆನೋವೇ.

◆ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿ ಎಲ್ಲವನ್ನೂ ವಿಡಿಯೊ ಮಾಡಬೇಕು. ಮೊಬೈಲ್‌ನಲ್ಲಿ ಮಾಡಿದರೂ ನಡೆಯುತ್ತದೆ.

◆ ಠಾಣೆಯಲ್ಲಿ ಕೊಟ್ಟ ಹೇಳಿಕೆಗೆ ನೀವು ಸಹಿ ಹಾಕಬೇಕಿಲ್ಲ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಹಿ ಮಾಡಿಸಕೂಡದು ಎಂದು ಸಂಹಿತೆಯ 181ನೇ ಸೆಕ್ಷನ್ನೇ ಹೇಳುತ್ತದೆ. ಪಂಚನಾಮೆ, ಬಂಧನದ ಮೆಮೊ, ನೋಟಿಸು ತಲುಪಿದ್ದಕ್ಕೆ ಹಾಕುವ ಸಹಿ ಬೇರೆ. ಅವನ್ನೂ ಓದಿಸಿ ಕೇಳಿಯೇ ಹಾಕಬೇಕು. ಖಾಲಿ ಹಾಳೆಗಂತೂ ಬೇಡವೇ ಬೇಡ.

◆ 'ಒಪ್ಕಂಡುಬುಡು, ಬೇಗ ಬುಟ್ಬುಡ್ತೀವಿ' ಎಂಬ ಮಾತಿಗೆ ಬಿದ್ದು ತಪ್ಪೊಪ್ಪಿಕೊಂಡರೆ? ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗದು. ಮಾದಕ ವಸ್ತು ನಿಯಂತ್ರಣ ಅಧಿಕಾರಿಗಳು 67ನೇ ಸೆಕ್ಷನ್ ಅಡಿ ಪಡೆದ ಹೇಳಿಕೆಗೆ ಮಾತ್ರ ಬಹಳ ಕಾಲ ಬೇರೆ ನ್ಯಾಯವಿತ್ತು. 2020ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟ್, ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರ ಬಹುಮತದಿಂದ, ಅದನ್ನೂ ತಪ್ಪೊಪ್ಪಿಗೆಯಾಗಿ ಬಳಸುವಂತಿಲ್ಲ ಎಂದಿತು. ಹಾಗೆಂದು ಹೇಳಿದ್ದೆಲ್ಲ ಗಾಳಿಗೆ ಹೋಗುವುದಿಲ್ಲ. ನೀವು ತೋರಿಸಿಕೊಟ್ಟ ಜಾಗದಲ್ಲಿ ಮಾಲು ಸಿಕ್ಕರೆ, ಆ ತೋರಿಸಿಕೊಟ್ಟ ಮಟ್ಟಿಗೆ ಅದು ಸಾಕ್ಷ್ಯವಾಗುತ್ತದೆ.

◆ ಮೊಬೈಲ್ ವಿಷಯಕ್ಕೆ ಬಂದರೆ ತೀರ್ಪು ನಮ್ಮ ರಾಜ್ಯದ್ದೇ ಇದೆ. 2020ರಲ್ಲಿ ಬೆಂಗಳೂರಿನ ಕಾಟನ್‌ಪೇಟೆ ಠಾಣೆಯಲ್ಲಿ ದಾಖಲಾಗಿ 'ಸ್ಯಾಂಡಲ್‌ವುಡ್ ಡ್ರಗ್ಸ್ ಕೇಸು' ಎಂದು ಟಿ.ವಿ.ಯವರು ಹಗಲೂ ರಾತ್ರಿ ಕೂಗಿದ ಪ್ರಕರಣ ನೆನಪಿರಬೇಕು. ಅದರ ಆರೋಪಿಯೊಬ್ಬರು ಮೊಬೈಲ್ ಪಾಸ್‌ವರ್ಡ್ ಕೊಡುವಂತೆಯೂ ಸುಳ್ಳುಪತ್ತೆ ಪರೀಕ್ಷೆಗೆ ಒಳಗಾಗುವಂತೆಯೂ ಬಂದ ಆದೇಶಗಳನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 2021ರ ಮಾರ್ಚ್ 12ರಂದು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ತೀರ್ಪು ಕೊಟ್ಟರು. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು; ಕೊಡದಿದ್ದರೆ ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ತರಬೇಕು. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗದು. ಮೊಬೈಲಿನಲ್ಲಿ ಸಿಕ್ಕಿದ ಖಾಸಗಿ ವಿವರವನ್ನು ಕೋರ್ಟಿನ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ. ಒಪ್ಪಿಗೆಯಿಲ್ಲದ ಸುಳ್ಳುಪತ್ತೆ ಪರೀಕ್ಷೆಯ ಆದೇಶ ರದ್ದಾಯಿತು. ಆ ಪರೀಕ್ಷೆಗೆ ಒಪ್ಪಿಗೆ ಬೇಕೆಂಬ ನಿಯಮವೂ ಕರ್ನಾಟಕದ ಪ್ರಕರಣದಿಂದಲೇ ಹುಟ್ಟಿದ್ದು: ಸೆಲ್ವಿ ಪ್ರಕರಣ, 2010ರ ಮೇ 5. ನಮ್ಮ ರಸ್ತೆ ಬದಿಯಲ್ಲಿ 'ಫೋನ್ ತಗಿ, ವಾಟ್ಸಾಪ್ ತೋರ್ಸು' ಎನ್ನುವುದು ಈ ಹಾದಿಯಿಂದ ಬಹಳ ದೂರ.

◆ ಅದೇ ಕಾಟನ್‌ಪೇಟೆ ಕೇಸಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಬಂಧನಕ್ಕೊಳಗಾದ ನಟಿಯೊಬ್ಬರಿಗೆ ಜಾಮೀನು ಸಿಕ್ಕಿದ್ದು 2021ರ ಜನವರಿಯಲ್ಲಿ, ಅದೂ ಸುಪ್ರೀಂ ಕೋರ್ಟಿನಿಂದ. ಅವರ ಮೇಲಿನ ಪ್ರಕರಣವನ್ನೇ ಹೈಕೋರ್ಟ್ ರದ್ದು ಮಾಡಿದ್ದು 2025ರಲ್ಲಿ. ಬಂಧನದ ದಿನ ಇದ್ದಷ್ಟು ಕ್ಯಾಮೆರಾ ರದ್ದಾದ ದಿನ ಇರಲಿಲ್ಲ.

◆ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಕಣ್ಣುಮುಚ್ಚಿ ಬಂಧಿಸುವಂತಿಲ್ಲ. ಬಂಧನ ಯಾಕೆ ಬೇಕು ಎಂಬುದನ್ನು ಪೊಲೀಸರು ಬರೆದಿಡಬೇಕು, ಬೇಡವಾದರೆ ಹಾಜರಾಗಲು ನೋಟಿಸು ಕೊಡಬೇಕು. ಇದು 2014ರ ಅರ್ನೇಶ್ ಕುಮಾರ್ ತೀರ್ಪು. ಈಗ ಸಂಹಿತೆಯ 35ನೇ ಸೆಕ್ಷನ್. ನೋಟಿಸು ಬಂದರೆ ತಲೆಮರೆಸಿಕೊಂಡು ಬಂಡೀಪುರದಾಚೆಯ ನೆಂಟರ ಮನೆ ಸೇರಬೇಡಿ. ಹೇಳಿದ ದಿನ ಹೋದವರಿಗೇ ಆ ಸೆಕ್ಷನ್ನಿನ ರಕ್ಷಣೆ.

◆ ಬಂಧಿಸಿದರೆ ಕಾರಣವನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ, ಲಿಖಿತವಾಗಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 6ರಂದು ಎಲ್ಲ ಅಪರಾಧಗಳಿಗೂ ಅನ್ವಯಿಸಿ ಹೇಳಿತು. ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. 'ವಿಚಾರಣೆಗೆ ಕರ್ಕಂಡ್ ಬಂದಿದ್ದೀವಿ, ಬಂಧನ ಅಲ್ಲ' ಎಂದು ಎರಡು ರಾತ್ರಿ ಕೂರಿಸಿಕೊಳ್ಳುವ ಲೆಕ್ಕ ಯಾವ ಕಾನೂನಿನಲ್ಲೂ ಇಲ್ಲ. ಹೋದದ್ದು ಎಷ್ಟು ಹೊತ್ತಿಗೆ, ಯಾವ ಜೀಪಿನಲ್ಲಿ ಎಂದು ಮನೆಯವರು ಒಂದು ಚೀಟಿಯಲ್ಲಿ ಬರೆದಿಟ್ಟರೆ ವಕೀಲರಿಗೆ ಅದೇ ಮೊದಲ ಆಧಾರ. ಎಲ್ಲ ಠಾಣೆಗಳಲ್ಲೂ ಧ್ವನಿಸಹಿತ ಸಿಸಿಟಿವಿ ಇರಬೇಕೆಂದು 2020ರ ಡಿಸೆಂಬರ್‌ನಲ್ಲೇ ಆದೇಶವಾಗಿದೆ.

◆ ಕೈಕೋಳ ಹಾಕಬಹುದೇ? ಹೊಸ ಸಂಹಿತೆ ಕೈಕೋಳಕ್ಕೆ ಅವಕಾಶವಿರುವ ಅಪರಾಧಗಳ ಪಟ್ಟಿಯಲ್ಲಿ ಮಾದಕ ವಸ್ತುವನ್ನೂ ಸೇರಿಸಿದೆ.

◆ ಎಫ್‌ಐಆರ್ 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಏರಬೇಕು ಎಂಬುದು 2016ರ ಸುಪ್ರೀಂ ಕೋರ್ಟ್ ಆದೇಶ. ನೆಟ್‌ವರ್ಕ್ ಸಿಗದ ದುರ್ಗಮ ಪ್ರದೇಶವಾದರೆ 72 ಗಂಟೆಯವರೆಗೆ ರಿಯಾಯಿತಿ. ಮಾದಪ್ಪನ ಬೆಟ್ಟದ ಸಾಲಿನವರು ನಗಬಹುದು.

◆ ಜಾಮೀನಿನ ಕಥೆಯೂ ತೂಕದ್ದೇ. ವಾಣಿಜ್ಯ ಪ್ರಮಾಣವಾದರೆ 37ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ: ಆರೋಪಿ ತಪ್ಪಿತಸ್ಥನಲ್ಲ, ಹೊರಗೆ ಬಂದು ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಧೀಶರಿಗೇ ಮನವರಿಕೆಯಾಗಬೇಕು. ಚಾರ್ಜ್‌ಶೀಟ್‌ಗೆ ಅಲ್ಲಿ 180 ದಿನ ಕಾಲಾವಕಾಶ. ಮಧ್ಯಮ ಮತ್ತು ಅಲ್ಪ ಪ್ರಮಾಣಕ್ಕೆ ಆ ಷರತ್ತಿಲ್ಲ. ಅಲ್ಪ ಪ್ರಮಾಣದ್ದು ಜಾಮೀನು ಕೊಡಲೇಬೇಕಾದ ಅಪರಾಧವೋ ಅಲ್ಲವೋ ಎಂಬುದರಲ್ಲಿ ಹೈಕೋರ್ಟುಗಳೇ ಒಂದೊಂದು ಕಡೆ ಒಂದೊಂದು ಹೇಳಿವೆ; ಆದರೂ ಅಲ್ಲಿ ಜಾಮೀನು ಸಿಗುವುದೇ ವಾಡಿಕೆ. ಅಲ್ಪ ಪ್ರಮಾಣದ ಕೇಸು ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ನಡೆಯಬಹುದು. 3 ವರ್ಷಕ್ಕಿಂತ ಹೆಚ್ಚು ಶಿಕ್ಷೆಯದಾದರೆ ವಿಶೇಷ ನ್ಯಾಯಾಲಯ. ವಾಣಿಜ್ಯ ಪ್ರಮಾಣದ ಆರೋಪ ಹೊತ್ತು, ವಿಚಾರಣೆ ಮುಗಿಯದೆ ಏಳು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದ ದಿಲ್ಲಿಯ ಒಬ್ಬನಿಗೆ, ವಿಳಂಬವೇ ಕಾರಣವೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು.

◆ ಹುಡುಗನಿಗೆ 18 ತುಂಬಿಲ್ಲವೇ? ಲಾಕಪ್ಪೂ ಇಲ್ಲ, ಜೈಲೂ ಇಲ್ಲ. ಬಾಲನ್ಯಾಯ ಮಂಡಳಿ ನೋಡಿಕೊಳ್ಳುತ್ತದೆ. ಶಾಲೆಯ ಜನ್ಮದಿನಾಂಕದ ದಾಖಲೆ ಹಿಡಿದು ಅದೇ ಗಳಿಗೆ ಠಾಣೆಗೆ ಹೋಗಬೇಕು. ಅವನ ಕೈಗೆ ಪೊಟ್ಟಣ ಕೊಟ್ಟು ಮಾರಲು ಕಳಿಸಿದ ದೊಡ್ಡವನಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ.

◆ ಅಜ್ಜಿಯ ನಿದ್ದೆ ಮಾತ್ರೆಯೂ ಇದೇ ಕಾಯ್ದೆಯೊಳಗೆ ಬರಬಹುದು. ಆಲ್‌ಪ್ರಜೋಲಮ್ ಪಟ್ಟಿಯಲ್ಲಿದೆ, ನೋವಿನ ಮಾತ್ರೆ ಟ್ರಮಡಾಲ್ 2018ರ ಏಪ್ರಿಲ್‌ನಲ್ಲಿ ಸೇರಿತು. ಸ್ವಂತ ಚಿಕಿತ್ಸೆಗೆ ಒಂದು ಸಲಕ್ಕೆ 100 ಮಾತ್ರೆಯವರೆಗೆ ಇಟ್ಟುಕೊಳ್ಳಲು ನಿಯಮ ಅವಕಾಶ ಕೊಡುತ್ತದೆ. ಡಾಕ್ಟರ ಚೀಟಿ ಜತೆಗಿರಲಿ.

◆ ಜಪ್ತಿಯಾದ ಬೈಕು ಠಾಣೆ ಮುಂದೆ ತುಕ್ಕು ಹಿಡಿಯಲೇಬೇಕೆಂದಿಲ್ಲ. ಸಾಲ ಮಾಡಿ ಕೊಂಡ ಅಸ್ಸಾಂನ ಲಾರಿಯೊಂದರ ಮಾಲೀಕ, ತನ್ನ ಗಾಡಿಯಲ್ಲಿ ಬೇರೆಯವನು ಹೆರಾಯಿನ್ ಸಾಗಿಸಿದ್ದಕ್ಕೆ ಗಾಡಿ ಕಳೆದುಕೊಂಡಿದ್ದ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಷರತ್ತಿನ ಮೇಲೆ ಅದನ್ನು ಅವನ ಸುಪರ್ದಿಗೆ ಕೊಡಿಸಿತು. ನಿಮ್ಮ ಬೈಕನ್ನು 'ಐದು ನಿಮಿಷ ಕೊಡಣ್ಣ' ಎಂದು ಇಸಿದುಕೊಂಡು ಹೋದವನು ಸಿಕ್ಕಿಬಿದ್ದರೆ ಈ ತೀರ್ಪನ್ನು ವಕೀಲರಿಗೆ ನೆನಪಿಸಿ.

◆ 'ಇಲ್ಲೇ ಮುಗಿಸ್ಕಳಿ' ಎಂಬ ಮಾತು ಬಂದರೆ ಇದು ತಿಳಿದಿರಲಿ: 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವನಿಗೂ 7 ವರ್ಷದವರೆಗೆ ಶಿಕ್ಷೆಯಿದೆ. ಬಲವಂತಕ್ಕೆ ಕೊಟ್ಟವನು 7 ದಿನದೊಳಗೆ ದೂರು ಕೊಟ್ಟರೆ ಮಾತ್ರ ಪಾರು. ನಮ್ಮ ರಾಜ್ಯದಲ್ಲಿ ಆ ದೂರು ಹೋಗಬೇಕಾದದ್ದು ಲೋಕಾಯುಕ್ತಕ್ಕೆ. ಎಸಿಬಿಯನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದು ಮಾಡಿತು.

◆ ಪೊಲೀಸರೇ ಅಲ್ಲದವರ ಕಾಟ ಬೇರೆ. 'ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಎಂಡಿಎಂಎ ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ' ಎಂದು ವಿಡಿಯೊ ಕರೆ ಬಂದರೆ ಇಟ್ಟುಬಿಡಿ. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

◆ 'ಇನ್ ಅವನ್ಗೆ ಸರ್ಕಾರಿ ಕೆಲ್ಸ ಸಿಕ್ಕಂಗಿಲ್ಲ' ಎಂಬುದು ಅವ್ವಂದಿರ ಮೊದಲ ಅಳಲು. ಕೇಸು ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಅರ್ಜಿಯಲ್ಲಿ ಕೇಳಿದಾಗ ಮುಚ್ಚಿಟ್ಟರೆ ಅದೇ ದೊಡ್ಡ ತಪ್ಪಾಗುತ್ತದೆ. 2016ರಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ವಿವರವಾಗಿಯೇ ಹೇಳಿದೆ. ಈಗಾಗಲೇ ಸರ್ಕಾರಿ ನೌಕರನಾಗಿದ್ದರೆ 48 ಗಂಟೆ ಮೀರಿ ಒಳಗಿದ್ದರೆ ಅಮಾನತು ತಾನಾಗಿ ಬರುತ್ತದೆ. ಪಾಸ್‌ಪೋರ್ಟ್‌ಗೆ, ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೆ ಅದೇ ಕೋರ್ಟಿನ ಅನುಮತಿ ಬೇಕು.

◆ ವ್ಯಸನಿಗೆ ಕಾಯ್ದೆಯಲ್ಲೇ ಒಂದು ದಾರಿಯಿದೆ, ವಕೀಲರೂ ಅದನ್ನು ಅಪರೂಪಕ್ಕೆ ನೆನಪಿಸಿಕೊಳ್ಳುತ್ತಾರೆ. 64ಎ ಸೆಕ್ಷನ್: ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದಲೇ ವಿನಾಯಿತಿ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿಯೂ ಹೋಗಬಹುದು. ವ್ಯಸನಮುಕ್ತಿ ಸಹಾಯವಾಣಿ 14446.

◆ ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನಿರಬೇಕಿಲ್ಲ. ಬಂಧನದಲ್ಲಿರುವವರು, ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನವರಿಗೂ ಇದು ಹಕ್ಕು. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

◆ ಕಾರಣವಿಲ್ಲದೆ, ಪೀಡಿಸಲೆಂದೇ ಶೋಧ ಮಾಡಿದ ಅಧಿಕಾರಿಗೂ ಶಿಕ್ಷೆಯಿದೆ: 58ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಸಜೆ, ಅಥವಾ 1 ಸಾವಿರದವರೆಗೆ ದಂಡ, ಅಥವಾ ಎರಡೂ. ಅದೇ ಸೆಕ್ಷನ್ನಿನ ಎರಡನೆಯ ಭಾಗ ಊರವರಿಗೆ. ಬದುವಿನ ಜಗಳಕ್ಕೋ ಪಂಚಾಯಿತಿ ಎಲೆಕ್ಷನ್ನಿನ ಹಗೆಗೋ 'ಅವನ ಹೊಲದಲ್ಲಿ ಗಾಂಜಾ ಐತೆ, ಅವನ ಮಗ ಸೊಪ್ಪು ಮಾರ್ತಾನೆ' ಎಂದು ಸುಳ್ಳು ಮಾಹಿತಿ ಕೊಟ್ಟು ಯಾರನ್ನಾದರೂ ಹಿಡಿಸಿದರೆ, ಹೇಳಿದವನಿಗೆ 2 ವರ್ಷದವರೆಗೆ ಸಜೆ. ಪೀಡಿಸಿದ ಅಧಿಕಾರಿಯದಕ್ಕಿಂತ ನಾಲ್ಕು ಪಟ್ಟು.